ನಾನೂರು ಜೀನ್‌ಗಳಿಂದ ಇಷ್ಟೊಂದು ವಾಸನೆಗಳು ಹೇಗೆ ತಿಳಿಯುತ್ತವೆ?

ಪ್ರಶ್ನೆ: ಮನುಷ್ಯರಲ್ಲಿ ವಾಸನೆ ಗ್ರಹಿಸುವ ಜೀನ್‌ಗಳು ಸುಮಾರು 400 ಇವೆ, ಸುಂಡಿಲಿಯಲ್ಲಿ ಸಾವಿರಕ್ಕೂ ಹೆಚ್ಚಿವೆ, ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಜೀನ್‌ಗಳು ಕೆಟ್ಟುಹೋಗಿವೆ ಎಂದು ಓದಿದೆ. ಹಾಗಾದರೆ ನಮ್ಮ ಘ್ರಾಣಶಕ್ತಿ ನಶಿಸುತ್ತಿದೆಯೇ? ಇಷ್ಟು ಕಡಿಮೆ ಜೀನ್‌ಗಳಿಂದ ಇಷ್ಟೊಂದು ವಾಸನೆಗಳು ಹೇಗೆ ತಿಳಿಯುತ್ತವೆ? ನನ್ನ ತಂಗಿಯ ಮೂಗಿಗೆ ಗಾಢವಾಗಿ ಬಡಿಯುವ ಕೆಲವು ವಾಸನೆಗಳು ನನಗೆ ಚಿಕ್ಕಂದಿನಿಂದಲೂ ಗೊತ್ತೇ ಆಗುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಕಾರಣ ತಿಳಿಯಬಹುದೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳ ಕೆಳಗೆ ಒಂದೇ ಊಹೆ ಇದೆ. ಜೀನ್‌ಗಳು ಹೆಚ್ಚಿದ್ದಷ್ಟೂ ಮೂಗು ಚುರುಕು, ಕಡಿಮೆಯಾದಷ್ಟೂ ಮಂದ ಎಂಬುದೇ ಆ ಊಹೆ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಜೀನ್‌ಗಳ ಪಟ್ಟಿಗೂ ನಮಗಾಗುವ ವಾಸನೆಯ ಅನುಭವಕ್ಕೂ ನಡುವೆ ಹಲವು ಹಂತಗಳಿದ್ದು, ಪ್ರತಿ ಹಂತದಲ್ಲೂ ಲೆಕ್ಕ ಬದಲಾಗುತ್ತದೆ. ಈ ವಿಷಯದಲ್ಲಿ ಚುಟುಕು ಉತ್ತರಗಳಿಂದಲೇ ತಪ್ಪು ತಿಳಿವಳಿಕೆ ಹರಡಿರುವುದರಿಂದ ಆ ಹಂತಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಜೀನ್‌ಗಳು ಪತ್ತೆಯಾದದ್ದು 1991ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಇಲಿಯ ಮೂಗಿನ ಅಂಗಾಂಶದಲ್ಲಿ ಹುಡುಕಾಟ ನಡೆಸಿದರು. ವಾಸನೆಯ ಗ್ರಾಹಕಗಳು, ಅಂದರೆ ವಾಸನೆಯ ಅಣುಗಳನ್ನು ಹಿಡಿಯುವ ಪ್ರೋಟೀನ್‌ಗಳು, ಜಿ-ಪ್ರೋಟೀನ್ (ಕೋಶದೊಳಗೆ ಸಂಕೇತ ದಾಟಿಸುವ ಪ್ರೋಟೀನ್) ಜೊತೆ ಕೆಲಸ ಮಾಡುವ ಬಳಗಕ್ಕೆ ಸೇರಿರಬೇಕು, ವಾಸನೆಗಳು ಅಷ್ಟು ಬಗೆಯವಾದ್ದರಿಂದ ಅವು ಒಂದು ದೊಡ್ಡ ಕುಟುಂಬವೇ ಆಗಿರಬೇಕು, ಮತ್ತು ಅವು ಘ್ರಾಣ ಅಂಗಾಂಶದಲ್ಲಿ ಮಾತ್ರ ಕಾಣಿಸಬೇಕು ಎಂಬ ಮೂರು ನಿಬಂಧನೆಗಳನ್ನು ಒಟ್ಟಿಗೆ ಪೂರೈಸುವ ಜೀನ್‌ಗಳನ್ನಷ್ಟೇ ಅವರು ಹುಡುಕಿದರು. ಮೊದಲ ವರದಿಯಲ್ಲಿ 18 ಜೀನ್‌ಗಳಿದ್ದವು. ಈ ಕೆಲಸಕ್ಕೆ ಇಬ್ಬರಿಗೂ 2004ರ ವೈದ್ಯಕೀಯ ನೊಬೆಲ್ ಸಂದಿತು. ಮೂರನೆಯ ನಿಬಂಧನೆ ಪೂರ್ತಿ ನಿಲ್ಲಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಈ ಬಳಗದ ಕೆಲವು ಗ್ರಾಹಕಗಳು ವೀರ್ಯಾಣುಗಳಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಇರುವುದು ನಂತರ ಕಂಡುಬಂತು. ಆದರೂ ಆ ತರ್ಕವೇ ಅವರನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿತು.

ಮಾನವ ಜೀನೋಮ್‌ನಲ್ಲಿ, ಅಂದರೆ ನಮ್ಮ ಇಡೀ ಡಿಎನ್‌ಎಯಲ್ಲಿ, ಕೆಲಸ ಮಾಡಬಲ್ಲ ಘ್ರಾಣ ಗ್ರಾಹಕ ಜೀನ್‌ಗಳು ಸುಮಾರು 400. ಪ್ರೋಟೀನ್ ತಯಾರಿಸುವ ನಮ್ಮ ಸುಮಾರು 20,000 ಜೀನ್‌ಗಳಲ್ಲಿ ಇದು ಶೇಕಡಾ ಎರಡರಷ್ಟಾಗುತ್ತದೆ. ನಮ್ಮ ಅತಿ ದೊಡ್ಡ ಜೀನ್ ಕುಟುಂಬಗಳಲ್ಲಿ ಇದೂ ಒಂದು. 20ನೆಯ ವರ್ಣತಂತು ಮತ್ತು ವೈ ವರ್ಣತಂತು ಬಿಟ್ಟರೆ ಉಳಿದೆಲ್ಲ ವರ್ಣತಂತುಗಳಲ್ಲೂ ಇವು ಗುಂಪುಗುಂಪಾಗಿ ಹರಡಿವೆ. 11ನೆಯ ವರ್ಣತಂತುವಿನಲ್ಲಂತೂ ಒಟ್ಟು ಕುಟುಂಬದ ಶೇಕಡಾ 40ರಷ್ಟು ಜೀನ್‌ಗಳು ನೆಲೆಸಿವೆ. ಈ ಗುಂಪುಗಾರಿಕೆ ಅವುಗಳ ಹುಟ್ಟಿನ ಗುರುತು. ಡಿಎನ್‌ಎ ನಕಲಾಗುವಾಗ ಒಂದು ಜೀನ್ ಪಕ್ಕದಲ್ಲೇ ಎರಡಾಗುತ್ತದೆ, ಮುಂದಿನ ತಲೆಮಾರುಗಳಲ್ಲಿ ಎರಡರಲ್ಲೂ ಬೇರೆಬೇರೆ ಬದಲಾವಣೆಗಳು ಸೇರಿ ಅವು ಬೇರೆ ಅಣುಗಳನ್ನು ಹಿಡಿಯಲು ಕಲಿಯುತ್ತವೆ, ಅಥವಾ ಒಂದು ಕೆಟ್ಟು ಮೂಲೆ ಸೇರುತ್ತದೆ. ಜೀನ್‌ಗಳ ಹೆಸರಿನಲ್ಲೂ ಈ ನಂಟಸ್ತಿಕೆ ಕಾಣುತ್ತದೆ. ಓಆರ್7ಡಿ4 ಎಂದರೆ ಘ್ರಾಣ ಗ್ರಾಹಕಗಳ 7ನೆಯ ಕುಟುಂಬದ ‘ಡಿ’ ಉಪಕುಟುಂಬದ 4ನೆಯ ಸದಸ್ಯ. ಪ್ರೋಟೀನ್‌ನ ಸಂಕೇತವುಳ್ಳ ಭಾಗ ಸುಮಾರು ಒಂದು ಸಾವಿರ ಅಕ್ಷರಗಳಷ್ಟು ಉದ್ದವಿದ್ದು, ನಡುವೆ ಯಾವ ತುಂಡೂ ಸೇರಿಕೊಳ್ಳದೆ ಸಲೀಸಾಗಿ ಸಾಗುತ್ತದೆ.

ಅದರಿಂದ ತಯಾರಾಗುವ ಪ್ರೋಟೀನ್ ಸುಮಾರು 310 ಅಮೈನೋ ಆಮ್ಲಗಳ ಸರಪಳಿ. ಅದು ನರಕೋಶದ ಪೊರೆಯನ್ನು ಏಳು ಸಲ ಹಾದುಹೋಗಿ, ಆ ಏಳು ಸುರುಳಿಗಳ ನಡುವೆ ಒಂದು ಚಿಕ್ಕ ಪೊಳ್ಳು ಜಾಗವನ್ನು ಉಂಟುಮಾಡುತ್ತದೆ. ವಾಸನೆಯ ಅಣು ಬಂದು ಕೂರುವುದು ಅಲ್ಲಿಯೇ. ಈ ಪೊಳ್ಳಿನ ಒಳಗೋಡೆಯಲ್ಲಿ ಯಾವ ಅಮೈನೋ ಆಮ್ಲಗಳಿವೆ ಎಂಬುದರ ಮೇಲೆ ಯಾವ ಅಣು ಹಿಡಿಸುತ್ತದೆ ಎಂಬುದು ನಿಂತಿದೆ. ಇದನ್ನು ಕಣ್ಣಾರೆ ಕಾಣುವುದಕ್ಕೆ ವಿಜ್ಞಾನಿಗಳು 32 ವರ್ಷ ಕಾಯಬೇಕಾಯಿತು. ಪ್ರಯೋಗಾಲಯದ ಸಾಮಾನ್ಯ ಜೀವಕೋಶಗಳಲ್ಲಿ ಈ ಪ್ರೋಟೀನ್‌ಗಳನ್ನು ತಯಾರಿಸಿದರೆ ಬಹುಪಾಲು ಪೊರೆಯನ್ನು ತಲುಪದೆ ಒಳಗೇ ಸಿಕ್ಕಿಬೀಳುತ್ತಿದ್ದವು. ಅವುಗಳನ್ನು ಮೇಲಕ್ಕೆ ಸಾಗಿಸುವ ಆರ್‌ಟಿಪಿ1 ಮೊದಲಾದ ಸಹಾಯಕ ಪ್ರೋಟೀನ್‌ಗಳು 2004ರಲ್ಲಿ ಗೊತ್ತಾದ ಮೇಲೆ ಕೆಲಸ ಸುಗಮವಾಯಿತು. ಕೊನೆಗೆ 2023ರಲ್ಲಿ ಓಆರ್51ಇ2 ಎಂಬ ಮಾನವ ಗ್ರಾಹಕದ ರಚನೆಯನ್ನು, ಪ್ರೊಪಿಯೊನೇಟ್ ಎಂಬ ಮೂರು ಇಂಗಾಲಗಳ ಪುಟ್ಟ ಅಣು ಅದರೊಳಗೆ ಕುಳಿತಿರುವಂತೆಯೇ, ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರಿಸಲಾಯಿತು.

ಆ ಚಿತ್ರದಲ್ಲಿ ಕಂಡದ್ದನ್ನು ಹತ್ತಿರದಿಂದ ನೋಡುವುದು ಸಾರ್ಥಕ. ಪ್ರೊಪಿಯೊನೇಟ್‌ನ ಆಮ್ಲೀಯ ತುದಿಗೆ ಋಣ ವಿದ್ಯುದಾವೇಶವಿದೆ. ಗ್ರಾಹಕದ 262ನೆಯ ಸ್ಥಾನದಲ್ಲಿರುವ ಆರ್ಜಿನಿನ್‌ಗೆ ಧನ ಆವೇಶವಿದ್ದು, ಅದು ಆ ತುದಿಯನ್ನು ಭದ್ರವಾಗಿ ಹಿಡಿಯುತ್ತದೆ. ಅಣುವಿನ ಉಳಿದ ಭಾಗ ಇಕ್ಕಟ್ಟಾದ ಜಾಗದಲ್ಲಿ ಅಡಕವಾಗಿ ಕೂರುತ್ತದೆ. ಇಂಗಾಲದ ಸರಪಳಿ ಉದ್ದವಾದರೆ ಅಲ್ಲಿ ಹಿಡಿಸುವುದಿಲ್ಲ. ಸಂಶೋಧಕರು ಪೊಳ್ಳಿನ ಒಳಭಾಗದ ದೊಡ್ಡ ಅಮೈನೋ ಆಮ್ಲಗಳನ್ನು ಚಿಕ್ಕವಾಗಿ ಬದಲಾಯಿಸಿ ಜಾಗ ಹಿಗ್ಗಿಸಿದಾಗ, ಅದೇ ಗ್ರಾಹಕ ಉದ್ದದ ಕೊಬ್ಬಿನಾಮ್ಲಗಳಿಗೂ ಪ್ರತಿಕ್ರಿಯಿಸತೊಡಗಿತು. ಮುನ್ನೂರಕ್ಕೂ ಹೆಚ್ಚು ಕೊಂಡಿಗಳ ಸರಪಳಿಯಲ್ಲಿ ಒಂದೇ ಕೊಂಡಿ ಬದಲಾದರೂ ಗ್ರಾಹಕದ ಆಯ್ಕೆ ಬದಲಾಗಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿಮ್ಮ ಮತ್ತು ನಿಮ್ಮ ತಂಗಿಯ ನಡುವಿನ ವ್ಯತ್ಯಾಸಕ್ಕೆ ಬಂದಾಗ ಈ ಅಂಶ ಮತ್ತೆ ಬೇಕಾಗುತ್ತದೆ.

ಅಣು ಕೂತ ಮೇಲಿನ ಕ್ರಮವನ್ನು ಬೇಗ ಹೇಳುತ್ತೇನೆ. ಗ್ರಾಹಕದ ಆಕಾರ ತುಸು ಬದಲಾಗಿ ಒಳಬದಿಯ ಜಿ-ಪ್ರೋಟೀನ್ ಚುರುಕಾಗುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುಗಳನ್ನು ತಯಾರಿಸುತ್ತದೆ. ಅವು ಪೊರೆಯ ಅಯಾನು ದ್ವಾರಗಳನ್ನು ತೆರೆದಾಗ ಕ್ಯಾಲ್ಸಿಯಂ ಒಳಗೆ ನುಗ್ಗಿ, ಕ್ಲೋರೈಡ್ ಹೊರಗೆ ಹೋಗಿ, ನರಕೋಶ ಮಿದುಳಿಗೆ ಸಂಕೇತ ಕಳಿಸುತ್ತದೆ. ಗ್ರಾಹಕ ಯಾವುದೇ ಇರಲಿ, ಈ ಮುಂದಿನ ಯಂತ್ರಾಂಗ ಹೆಚ್ಚುಕಡಿಮೆ ಒಂದೇ. ಹಾಗಾದರೆ ಮಿದುಳಿಗೆ ಯಾವ ವಾಸನೆ ಎಂದು ಗೊತ್ತಾಗುವುದು ಹೇಗೆ?

ಅದಕ್ಕೆ ಉತ್ತರ ಈ ವ್ಯವಸ್ಥೆಯ ಅತ್ಯಂತ ಅಚ್ಚರಿಯ ಗುಣದಲ್ಲಿದೆ, ಮತ್ತು ನನ್ನ ಮಟ್ಟಿಗೆ ಇಡೀ ಜೀವಶಾಸ್ತ್ರದಲ್ಲೇ ಇಷ್ಟು ಸೊಗಸಾದ ನಿಯಂತ್ರಣ ಕಾಣಸಿಗುವುದು ಅಪರೂಪ. ಪ್ರತಿಯೊಂದು ಘ್ರಾಣ ನರಕೋಶದಲ್ಲೂ ಎಲ್ಲ ಗ್ರಾಹಕ ಜೀನ್‌ಗಳಿವೆ. ಆದರೆ ಬೆಳೆದ ನರಕೋಶವೊಂದು ಅವುಗಳಲ್ಲಿ ಒಂದನ್ನು ಮಾತ್ರ, ಅದರಲ್ಲೂ ತಂದೆಯಿಂದ ಬಂದ ಪ್ರತಿಯನ್ನೋ ತಾಯಿಯಿಂದ ಬಂದ ಪ್ರತಿಯನ್ನೋ ಮಾತ್ರ, ಬಳಸುತ್ತದೆ. ಈ ಆಯ್ಕೆ ನಡೆಯುವ ಬಗೆಯನ್ನು ಹೆಚ್ಚಾಗಿ ಸುಂಡಿಲಿಗಳಲ್ಲಿ ಅಧ್ಯಯನ ಮಾಡಲಾಗಿದೆ. ಮೊದಲು ಈ ಜೀನ್‌ಗಳೆಲ್ಲ ಬಿಗಿಯಾಗಿ ಸುತ್ತಿದ ಡಿಎನ್‌ಎಯೊಳಗೆ ಮುಚ್ಚಿಹೋಗಿರುತ್ತವೆ. ನಂತರ ಬೇರೆಬೇರೆ ವರ್ಣತಂತುಗಳಲ್ಲಿ ಚದುರಿದ ಪ್ರಚೋದಕ ತುಣುಕುಗಳು ಕೋಶಕೇಂದ್ರದಲ್ಲಿ ಒಂದೆಡೆ ಸೇರಿ ಯಾವುದೋ ಒಂದು ಜೀನ್ ಮೇಲೆ ಕೂಡಿಕೊಳ್ಳುತ್ತವೆ, ಆ ಜೀನ್ ತೆರೆದುಕೊಳ್ಳುತ್ತದೆ. ಅದರಿಂದ ಸರಿಯಾದ ಪ್ರೋಟೀನ್ ತಯಾರಾದರೆ ಆ ಪ್ರೋಟೀನೇ ‘ಆಯ್ಕೆ ಮುಗಿಯಿತು’ ಎಂಬ ಸಂಕೇತ ಕೊಟ್ಟು ಇನ್ನೊಂದು ಜೀನ್ ತೆರೆಯದಂತೆ ತಡೆಯುತ್ತದೆ. ತೆರೆದುಕೊಂಡದ್ದು ಕೆಟ್ಟ ಜೀನ್ ಆಗಿದ್ದರೆ ಆ ಸಂಕೇತ ಹುಟ್ಟುವುದಿಲ್ಲ, ನರಕೋಶ ಮತ್ತೊಂದನ್ನು ಆಯ್ದುಕೊಳ್ಳಬಲ್ಲದು. ಹೀಗಾಗಿ ಜೀನೋಮ್‌ನಲ್ಲಿ ಕೆಟ್ಟ ಜೀನ್‌ಗಳು ಎಷ್ಟಿದ್ದರೂ ಅಷ್ಟೇ ಪ್ರಮಾಣದ ನರಕೋಶಗಳು ವ್ಯರ್ಥವಾಗುವುದಿಲ್ಲ.

ಒಂದೇ ಗ್ರಾಹಕವನ್ನು ಆಯ್ದುಕೊಂಡ ನರಕೋಶಗಳು ಮೂಗಿನ ಮೇಲ್ಭಾಗದ ಅಂಗಾಂಶದಲ್ಲಿ ಅಲ್ಲಲ್ಲಿ ಚದುರಿದ್ದರೂ ಅವುಗಳ ಎಳೆಗಳೆಲ್ಲ ಮಿದುಳಿನ ಮುಂಭಾಗದ ಘ್ರಾಣ ಬಲ್ಬ್‌ನಲ್ಲಿ ಗೊತ್ತಾದ ಕೆಲವೇ ಗಂಟುಗಳಲ್ಲಿ ಬಂದು ಸೇರುತ್ತವೆ. ಆದ್ದರಿಂದ ಮಿದುಳು ಓದುವುದು ಯಾವ ಗಂಟುಗಳು ಎಷ್ಟೆಷ್ಟು ಚುರುಕಾಗಿವೆ ಎಂಬ ವಿನ್ಯಾಸವನ್ನು. ಈ ನರಕೋಶಗಳು ಗಾಳಿಗೆ ತೆರೆದುಕೊಂಡಿರುವುದರಿಂದ ಸವೆಯುತ್ತಲೂ ಕಾಂಡಕೋಶಗಳಿಂದ ಹೊಸದಾಗಿ ಹುಟ್ಟುತ್ತಲೂ ಇರುತ್ತವೆ. ಹೊಸ ನರಕೋಶ ತನ್ನ ಗ್ರಾಹಕವನ್ನು ಆಯ್ದುಕೊಂಡು ಅದಕ್ಕೆ ತಕ್ಕ ಗಂಟನ್ನೇ ಹುಡುಕಿ ಸೇರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಒಂದು ವಾಸನೆಗೆ ಒಂದು ಗ್ರಾಹಕ ಎಂಬ ಬೀಗ ಮತ್ತು ಕೀಲಿಕೈಯ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಬೆಟ್ಟಿನಾ ಮಾಲ್ನಿಕ್, ಲಿಂಡಾ ಬಕ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ ಒಂದು ಗ್ರಾಹಕ ಹಲವು ಅಣುಗಳಿಗೆ ಪ್ರತಿಕ್ರಿಯಿಸುತ್ತದೆ, ಒಂದು ಅಣು ಹಲವು ಗ್ರಾಹಕಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಎಬ್ಬಿಸುತ್ತದೆ. ವಾಸನೆಯ ಗುರುತು ಇರುವುದು ಈ ಕೂಟದಲ್ಲಿ. ಸರಳ ಲೆಕ್ಕವೊಂದನ್ನು ಮಾಡಿ ನೋಡಿ. ಪ್ರತಿ ವಾಸನೆಯೂ 400 ಗ್ರಾಹಕಗಳಲ್ಲಿ ಬರೀ ಮೂರನ್ನು ಎಬ್ಬಿಸುತ್ತದೆ, ಅವು ಎದ್ದಿವೆ ಅಥವಾ ಇಲ್ಲ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡರೂ 1,05,86,800 ಬೇರೆಬೇರೆ ಕೂಟಗಳು ಸಾಧ್ಯ. ನಿಜವಾದ ವಾಸನೆಗಳಲ್ಲಿ ಗ್ರಾಹಕಗಳ ಸಂಖ್ಯೆ ಮೂರಕ್ಕೆ ನಿಲ್ಲುವುದಿಲ್ಲ, ಪ್ರತಿಕ್ರಿಯೆಯ ಪ್ರಮಾಣವೂ ಮುಖ್ಯವಾಗುತ್ತದೆ. ಕಾರ್ವೋನ್ ಎಂಬ ಅಣುವಿನ ಎರಡು ರೂಪಗಳು ಎಡಗೈ ಬಲಗೈಗಳಂತೆ ಪ್ರತಿಬಿಂಬಗಳಾಗಿದ್ದು ಒಂದು ಪುದಿನದ ಜಾತಿಯ ವಾಸನೆಯನ್ನೂ ಇನ್ನೊಂದು ಶಾಜೀರಿಗೆಯ ವಾಸನೆಯನ್ನೂ ಕೊಡುತ್ತದೆ. ಪರಮಾಣುಗಳು ಅವೇ, ಕೊಂಡಿಗಳು ಅವೇ, ತಿರುವು ಮಾತ್ರ ಬೇರೆ, ಆದರೂ ಎದ್ದ ಗ್ರಾಹಕಗಳ ಕೂಟ ಬೇರೆಯಾಯಿತು. ಇಂಡೋಲ್ ಎಂಬ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಹೂವಿನ ಪರಿಮಳದಂತೆ ತೋರಿ, ಹೆಚ್ಚಾದಾಗ ಹೊಲಸು ನಾತವಾಗುವುದು ಪ್ರಮಾಣದ ಮಹತ್ವಕ್ಕೆ ಒಳ್ಳೆಯ ಉದಾಹರಣೆ. ಮಿಶ್ರಣಗಳಲ್ಲಿ ಇನ್ನೂ ಒಂದು ತೊಡಕಿದೆ. ಒಂದು ಅಣು ಇನ್ನೊಂದಕ್ಕೆ ಮೀಸಲಾದ ಗ್ರಾಹಕದಲ್ಲಿ ಕೂತು ಅದನ್ನು ಎಬ್ಬಿಸದೆ ತಡೆದುಬಿಡಬಹುದು. ಆದ್ದರಿಂದ ಎರಡು ವಾಸನೆಗಳ ಮಿಶ್ರಣ ಅವುಗಳ ಬರಿಯ ಮೊತ್ತವಾಗಿರಬೇಕಿಲ್ಲ.

ಹಾಗಾದರೆ ಒಟ್ಟು ಎಷ್ಟು ವಾಸನೆಗಳು ತಿಳಿಯುತ್ತವೆ? ಬಹುಕಾಲ ಹೇಳಿಕೊಂಡು ಬಂದ 10,000 ಎಂಬ ಅಂಕಿಗೆ ಗಟ್ಟಿಯಾದ ಪ್ರಾಯೋಗಿಕ ಆಧಾರ ಇರಲಿಲ್ಲ. 2014ರ ಒಂದು ಅಧ್ಯಯನ ಒಂದು ಲಕ್ಷ ಕೋಟಿಗೂ ಹೆಚ್ಚು ಎಂದಿತು, ಮರುವರ್ಷವೇ ಅದರ ಗಣಿತದ ಆಧಾರವನ್ನು ಬೇರೆ ವಿಜ್ಞಾನಿಗಳು ಪ್ರಶ್ನಿಸಿದರು. ಎಲ್ಲಾದರೂ ನಿರ್ದಿಷ್ಟ ಅಂಕಿ ಕಂಡರೆ ಎಚ್ಚರದಿಂದ ಓದಿ ಎಂದಷ್ಟೇ ನನ್ನ ಸಲಹೆ.

ಕೆಟ್ಟ ಜೀನ್‌ಗಳ ವಿಷಯಕ್ಕೆ ಬರೋಣ. ನೀವು ಓದಿದ್ದು ನಿಜ. ಕೆಲಸ ಮಾಡುವ 400ರ ಜೊತೆಗೆ ಅದಕ್ಕಿಂತ ತುಸು ಹೆಚ್ಚೇ ಹುಸಿ ಜೀನ್‌ಗಳು, ಅಂದರೆ ಸಂಕೇತ ಕೆಟ್ಟು ಪೂರ್ಣ ಪ್ರೋಟೀನ್ ತಯಾರಿಸಲಾರದ ಪ್ರತಿಗಳು, ನಮ್ಮ ಜೀನೋಮ್‌ನಲ್ಲಿವೆ. ಆದರೆ ಹುಟ್ಟು ಸಾವುಗಳೆರಡೂ ಈ ಕುಟುಂಬದ ಸಹಜ ನಡೆ, ಹುಸಿ ಜೀನ್‌ಗಳು ಸುಂಡಿಲಿಯಲ್ಲೂ ಇವೆ. ಕೆಲಸ ಮಾಡುವ ಜೀನ್‌ಗಳು ಸುಂಡಿಲಿಯಲ್ಲಿ ಸುಮಾರು 1,100, ನಾಯಿಯಲ್ಲಿ ಸುಮಾರು 800, ಆಫ್ರಿಕಾದ ಆನೆಯಲ್ಲಿ ಸುಮಾರು 2,000. ಸಂಖ್ಯೆಯೇ ಅಳತೆಯಾದರೆ ನಾಯಿಯ ಮೂಗು ಸುಂಡಿಲಿಯದಕ್ಕಿಂತ ಮಂದವೆನ್ನಬೇಕಾಗುತ್ತದೆ. ನಾಯಿಯ ಸಾಮರ್ಥ್ಯದಲ್ಲಿ ಮೂಗಿನೊಳಗಿನ ಗಾಳಿಯ ಹರಿವು, ಘ್ರಾಣ ಅಂಗಾಂಶದ ವಿಸ್ತಾರ, ನರಕೋಶಗಳ ಸಂಖ್ಯೆ, ಇವೆಲ್ಲದರ ಪಾಲಿದೆ. ಗ್ರಾಹಕಗಳ ಬಗೆ ಹೆಚ್ಚಿದ್ದರೆ ಎಷ್ಟು ಬಗೆಯ ಅಣುಗಳನ್ನು ವಿಂಗಡಿಸಬಹುದು ಎಂಬುದಕ್ಕೆ ಸಹಾಯವಾಗುತ್ತದೆ, ಎಷ್ಟು ಕಡಿಮೆ ಪ್ರಮಾಣವನ್ನು ಪತ್ತೆಹಚ್ಚಬಹುದು ಎಂಬುದು ಬೇರೆಯೇ ವಿಚಾರ. ಕೆಲವು ವಸ್ತುಗಳ ವಿಷಯದಲ್ಲಿ ಮನುಷ್ಯರ ಮೂಗು ಇಲಿ ನಾಯಿಗಳ ಮೂಗಿಗಿಂತ ಸೂಕ್ಷ್ಮವೆಂದು ಪ್ರಯೋಗಗಳು ತೋರಿಸಿವೆ. ಮನುಷ್ಯನ ಘ್ರಾಣಶಕ್ತಿ ಕ್ಷೀಣವೆಂಬ ನಂಬಿಕೆಯ ಬೇರು 19ನೆಯ ಶತಮಾನದಲ್ಲಿದೆ. ಮಿದುಳಿನ ಉಳಿದ ಭಾಗಕ್ಕೆ ಹೋಲಿಸಿದರೆ ನಮ್ಮ ಘ್ರಾಣ ಬಲ್ಬ್ ಚಿಕ್ಕದೆಂಬ ಫ್ರಾನ್ಸಿನ ಅಂಗರಚನಾ ತಜ್ಞ ಪಾಲ್ ಬ್ರೋಕಾ ಅವರ ಅವಲೋಕನದಿಂದ ಅದು ಬೆಳೆಯಿತೇ ಹೊರತು ಮೂಗನ್ನು ಪರೀಕ್ಷಿಸಿ ಬಂದ ತೀರ್ಮಾನವಲ್ಲ. ಘ್ರಾಣಶಕ್ತಿ ನಿಜವಾಗಿ ನಶಿಸುವುದು ಹೇಗಿರುತ್ತದೆ ಎಂದು ತಿಳಿಯಲು ಡಾಲ್ಫಿನ್‌ಗಳನ್ನು ನೋಡಬೇಕು. ಅವುಗಳಲ್ಲಿ ಘ್ರಾಣ ಬಲ್ಬ್ ಇಲ್ಲ, ಗ್ರಾಹಕ ಜೀನ್‌ಗಳು ಬಹುಮಟ್ಟಿಗೆ ಎಲ್ಲವೂ ಕೆಟ್ಟಿವೆ ಅಥವಾ ಅಳಿದಿವೆ. ನಮ್ಮದು ಆ ಸ್ಥಿತಿಯೂ ಅಲ್ಲ, ಆ ದಾರಿಯೂ ಅಲ್ಲ.

ಇನ್ನು ನೀವು ಮತ್ತು ನಿಮ್ಮ ತಂಗಿ. ಕೆಲವು ಜೀನ್‌ಗಳು ಒಬ್ಬರಲ್ಲಿ ಸರಿಯಾಗಿದ್ದು ಇನ್ನೊಬ್ಬರಲ್ಲಿ ಕೆಟ್ಟಿರುತ್ತವೆ, ಇನ್ನು ಕೆಲವು ಇಬ್ಬರಲ್ಲೂ ಕೆಲಸ ಮಾಡಿದರೂ ಒಂದೆರಡು ಅಮೈನೋ ಆಮ್ಲಗಳ ವ್ಯತ್ಯಾಸದಿಂದ ಬೇರೆಬೇರೆ ಬಲದಲ್ಲಿ ಪ್ರತಿಕ್ರಿಯಿಸುತ್ತವೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಯಾವುದೇ ಇಬ್ಬರನ್ನು ಹೋಲಿಸಿದರೆ ಸರಾಸರಿ ಶೇಕಡಾ 30ಕ್ಕೂ ಹೆಚ್ಚು ಘ್ರಾಣ ಗ್ರಾಹಕ ಪ್ರತಿಗಳು ಕಾರ್ಯದಲ್ಲಿ ಭಿನ್ನವಾಗಿರುತ್ತವೆ. ಮೊದಲ ಸ್ಪಷ್ಟ ಉದಾಹರಣೆ 2007ರಲ್ಲಿ ಬಂತು. ಆಂಡ್ರೊಸ್ಟಿನೋನ್ ಎಂಬ ಸ್ಟೀರಾಯ್ಡ್ ಕೆಲವರಿಗೆ ಮೂತ್ರದಂತೆ ಅಥವಾ ಬೆವರಿನಂತೆ ನಾರುತ್ತದೆ, ಕೆಲವರಿಗೆ ಸಿಹಿಯಾದ ಹೂವಿನ ವಾಸನೆಯೆನಿಸುತ್ತದೆ, ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಓಆರ್7ಡಿ4 ಗ್ರಾಹಕದ ಎರಡು ಸ್ಥಾನಗಳ ವ್ಯತ್ಯಾಸ ದೊಡ್ಡ ಕಾರಣವೆಂದು ತಿಳಿಯಿತು. 88ನೆಯ ಸ್ಥಾನದಲ್ಲಿ ಆರ್ಜಿನಿನ್ ಬದಲು ಟ್ರಿಪ್ಟೊಫ್ಯಾನ್, 133ನೆಯ ಸ್ಥಾನದಲ್ಲಿ ಥ್ರಿಯೊನಿನ್ ಬದಲು ಮೆಥಿಯೊನಿನ್ ಇರುವ ಆವೃತ್ತಿ ಪ್ರಯೋಗಾಲಯದಲ್ಲಿ ಈ ಅಣುವಿಗೆ ತೀರಾ ಮಂದವಾಗಿ ಪ್ರತಿಕ್ರಿಯಿಸುತ್ತದೆ, ಆ ಆವೃತ್ತಿಯುಳ್ಳವರಿಗೆ ವಾಸನೆಯೂ ಅಷ್ಟು ತೀಕ್ಷ್ಣವಾಗಿಯೋ ಅಸಹ್ಯವಾಗಿಯೋ ತೋರುವುದಿಲ್ಲ. ಆದರೆ ಇದೇ ಆಂಡ್ರೊಸ್ಟಿನೋನ್ ಮೊದಲು ಗೊತ್ತೇ ಆಗದಿದ್ದ ಕೆಲವರು ಅದನ್ನು ಮತ್ತೆ ಮತ್ತೆ ಮೂಸಿದ ಮೇಲೆ ಗುರುತಿಸಲು ಶಕ್ತರಾದದ್ದನ್ನು 1989ರಲ್ಲೇ ದಾಖಲಿಸಲಾಗಿದೆ. ಜೀನ್ ಮುಖ್ಯ, ಆದರೆ ಅದೊಂದೇ ಕೊನೆಯ ಮಾತಲ್ಲ.

ನಿಮ್ಮ ಮನೆಯ ವ್ಯತ್ಯಾಸಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೀಟಾ-ಅಯೊನೋನ್. ವಯೊಲೆಟ್ ಹೂವಿನ ಪರಿಮಳದ ಮುಖ್ಯ ಅಂಶವಾದ ಈ ವಸ್ತು ಕೆಲವರಿಗೆ ಅತ್ಯಲ್ಪ ಪ್ರಮಾಣದಲ್ಲೂ ಸುಗಂಧವಾಗಿ ತಿಳಿಯುತ್ತದೆ, ಉಳಿದವರಿಗೆ ತೀರಾ ಹೆಚ್ಚಿದ್ದಾಗ ಮಾತ್ರ, ಅದೂ ಹುಳಿಹುಳಿಯಾದ ಘಾಟಿನಂತೆ ತಿಳಿಯುತ್ತದೆ. ಓಆರ್5ಎ1 ಗ್ರಾಹಕದ 183ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವಿದೆಯೇ ಆಸ್ಪಾರಜಿನ್ ಇದೆಯೇ ಎಂಬ ಒಂದೇ ವ್ಯತ್ಯಾಸ ಇದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಚುರುಕಾದ ಪ್ರತಿ ಒಂದಿದ್ದರೂ ಸಾಕು. ತಂದೆ ತಾಯಿ ಇಬ್ಬರಲ್ಲೂ ಒಂದು ಚುರುಕು ಪ್ರತಿ ಒಂದು ಮಂದ ಪ್ರತಿ ಇದ್ದರೆ, ಇಬ್ಬರಿಗೂ ಆ ಪರಿಮಳ ಚೆನ್ನಾಗಿ ತಿಳಿಯುತ್ತದೆ, ಆದರೆ ಪ್ರತಿ ಮಗುವಿಗೂ ಎರಡೂ ಮಂದ ಪ್ರತಿಗಳೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬರಿಗೆ ತಿಳಿದು ಇನ್ನೊಬ್ಬರಿಗೆ ತಿಳಿಯದಿರುವುದಕ್ಕೆ ಇಷ್ಟೇ ಸಾಕು. ಈ 400ರ ಹೊರಗೆ, ಟಿಎಎಆರ್ ಎಂಬ ಆರು ಗ್ರಾಹಕಗಳ ಪುಟ್ಟ ಕುಟುಂಬವೂ ನಮ್ಮಲ್ಲಿದೆ. ಅದರ ಟಿಎಎಆರ್5 ಕೊಳೆತ ಮೀನಿನ ವಾಸನೆಯ ಟ್ರೈಮಿಥೈಲಮೈನ್‌ಗೆ ಪ್ರತಿಕ್ರಿಯಿಸುತ್ತದೆ. ಆ ಜೀನ್‌ನ ಒಂದು ಅಪರೂಪದ ಆವೃತ್ತಿ ಉಳ್ಳವರಿಗೆ ಮೀನಿನ ವಾಸನೆ ಅಷ್ಟು ಅಸಹ್ಯವೆನಿಸುವುದಿಲ್ಲ ಎಂದು ಐಸ್‌ಲ್ಯಾಂಡಿನ ಸಾವಿರಾರು ಜನರ ಮೇಲೆ ನಡೆಸಿದ ಅಧ್ಯಯನ 2020ರಲ್ಲಿ ವರದಿ ಮಾಡಿತು.

ಇಷ್ಟೆಲ್ಲ ಕೇಳಿದ ಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸಿಯೇ ಬಿಡೋಣ ಎನಿಸಬಹುದು. ನನ್ನ ಅಭಿಪ್ರಾಯದಲ್ಲಿ ಅದರಿಂದ ಸಿಗುವ ಉತ್ತರ ಸೀಮಿತ. ಬೀಟಾ-ಅಯೊನೋನ್‌ನಂಥ, ಒಂದೇ ಜೀನ್ ಬಹುಪಾಲು ನಿರ್ಧರಿಸುವ ಉದಾಹರಣೆಗಳು ಕಡಿಮೆ. ಹೆಚ್ಚಿನ ವಾಸನೆಗಳಲ್ಲಿ ಒಂದು ಗ್ರಾಹಕ ಮಂದವಾದರೂ ಉಳಿದವು ಆ ಅಣುವನ್ನು ಹಿಡಿಯುತ್ತವೆ, ಒಂದೊಂದು ಜೀನ್‌ನ ಪಾಲು ಚಿಕ್ಕದಾಗಿರುತ್ತದೆ. ಮೇಲಾಗಿ ಅನೇಕ ಮಾನವ ಗ್ರಾಹಕಗಳು ಯಾವ ಅಣುವಿಗೆ ಪ್ರತಿಕ್ರಿಯಿಸುತ್ತವೆ ಎಂಬುದೇ ಇನ್ನೂ ಪತ್ತೆಯಾಗಿಲ್ಲ, ಅಂಥವುಗಳಲ್ಲಿ ವ್ಯತ್ಯಾಸ ಕಂಡರೂ ವರದಿಯಿಂದ ಅರ್ಥ ಹೊರಡುವುದಿಲ್ಲ. ಜೀನ್‌ಗಳು ನೆಟ್ಟಗಿದ್ದೂ ವಾಸನೆ ತಿಳಿಯದಿರುವ ಸಂದರ್ಭಗಳೂ ಇವೆ. ಎಎನ್‌ಒಎಸ್1 ಎಂಬ ಬೇರೊಂದು ಜೀನ್ ಕೆಟ್ಟರೆ ಭ್ರೂಣದಲ್ಲಿ ಘ್ರಾಣ ಬಲ್ಬ್ ಸರಿಯಾಗಿ ಬೆಳೆಯುವುದಿಲ್ಲ. ಆಗ 400 ಗ್ರಾಹಕ ಜೀನ್‌ಗಳೂ ಸರಿಯಾಗಿದ್ದು ವ್ಯಕ್ತಿಗೆ ಯಾವ ವಾಸನೆಯೂ ತಿಳಿಯದಿರಬಹುದು. ಕೋವಿಡ್‌ನಲ್ಲಿ ವೈರಸ್ ಮುಖ್ಯವಾಗಿ ತಗಲಿದ್ದು ಘ್ರಾಣ ನರಕೋಶಗಳಿಗಲ್ಲ, ಅವುಗಳ ಆಸರೆಯ ಕೋಶಗಳಿಗೆ. ಆದರೂ ನರಕೋಶಗಳೊಳಗೆ ಡಿಎನ್‌ಎ ಮಡಿಕೆಗಳ ವ್ಯವಸ್ಥೆ ಕದಡಿ ಗ್ರಾಹಕ ಜೀನ್‌ಗಳ ಬಳಕೆ ಕುಸಿದದ್ದನ್ನು 2022ರ ಅಧ್ಯಯನವೊಂದು ತೋರಿಸಿತು. ಜೀನ್‌ನ ಒಂದಕ್ಷರವೂ ಬದಲಾಗದೆ ಮೂಗು ಸ್ತಬ್ಧವಾಗಿತ್ತು.

ನಿಮಗೆ ಕೆಲವೇ ವಾಸನೆಗಳು, ಅದೂ ಚಿಕ್ಕಂದಿನಿಂದ, ತಿಳಿಯದಿದ್ದು ಉಳಿದವೆಲ್ಲ ಚೆನ್ನಾಗಿ ತಿಳಿಯುತ್ತವೆ ಎಂದಾದರೆ ಅದು ಬಹುತೇಕ ಗ್ರಾಹಕಗಳ ಸಹಜ ವೈವಿಧ್ಯ, ಚಿಕಿತ್ಸೆ ಬೇಕಾದ ದೋಷವಲ್ಲ. ಯಾವ ವಾಸನೆಗಳು ತಿಳಿಯುವುದಿಲ್ಲ ಎಂಬುದನ್ನು ಇಬ್ಬರೂ ಕೂತು ಪಟ್ಟಿ ಮಾಡಿಕೊಂಡರೆ ಪರೀಕ್ಷಾ ವರದಿಗಿಂತ ಹೆಚ್ಚು ಉಪಯುಕ್ತ ಮಾಹಿತಿ ಸಿಕ್ಕೀತು. ಅಡುಗೆ ಅನಿಲದ ಸೋರಿಕೆ, ಹೊಗೆ, ಹಳಸಿದ ಆಹಾರ, ಇವುಗಳ ವಾಸನೆ ನಿಮಗೆ ಬರುತ್ತದೆಯೇ ಎಂದು ಆ ಪಟ್ಟಿಯಲ್ಲಿ ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಮನೆಯಲ್ಲಿ ಅನಿಲ ಮತ್ತು ಹೊಗೆ ಸೂಚಕಗಳನ್ನು ಹಾಕಿಸುವುದು ಅಗತ್ಯ. ಮೊದಲು ತಿಳಿಯುತ್ತಿದ್ದ ವಾಸನೆ ಈಚೆಗೆ ತಿಳಿಯದಂತಾಗಿದ್ದರೆ, ಅಥವಾ ಪರಿಚಿತ ವಾಸನೆಗಳು ವಿಕಾರವಾಗಿ ತೋರುತ್ತಿದ್ದರೆ, ಕಾರಣವನ್ನು ಹುಟ್ಟಿನಿಂದ ಬಂದ ಜೀನ್‌ಗಳಲ್ಲಿ ಹುಡುಕದೆ ಕಿವಿ, ಮೂಗು ಮತ್ತು ಗಂಟಲು ತಜ್ಞರನ್ನು ತಡಮಾಡದೆ ಕಾಣಿ.